ಥಿಂಗ್ಸ್‌ಬೋರ್ಡ್ 4ಕ್ಕೆ ಬಂದ್ಮೇಲೆ ಮೊದ್ಲು ಏನ್ ಮಾಡ್ಬೇಕು: ಒಂದು ಕಂಪ್ರೆಸರ್ ಇಟ್ಕೊಂಡು ನೋಡೋಣ

ಥಿಂಗ್ಸ್‌ಬೋರ್ಡ್ (ಮೆಷಿನ್, ಸೆನ್ಸರ್‌ಗಳ ಡೇಟಾ ತಂದು ಉಳಿಸಿ ತೋರಿಸೋ ಐಒಟಿ ಸಾಫ್ಟ್‌ವೇರ್) ಹಳೇ ವರ್ಷನ್ ಓಡಿಸಿದೋರಿಗೆ ಈ ಸಂಕಟ ಗೊತ್ತೇ ಇರುತ್ತೆ. ಎರಡು ನಂಬರ್ ಭಾಗಿಸ್ಬೇಕು ಅಂದ್ರೂ ರೂಲ್ ಚೈನ್ (ಬಂದ ಮೆಸೇಜ್‌ಗೆ ಏನೇನ್ ಮಾಡ್ಬೇಕು ಅಂತ ನೋಡ್ ಅನ್ನೋ ಡಬ್ಬಿಗಳನ್ನ ಗೆರೆ ಎಳೆದು ಜೋಡಿಸೋ ಜಾಗ) ಒಳಗೆ ಹೋಗಿ, ಹಳೇ ವ್ಯಾಲ್ಯೂ ತರೋಕೆ ಒಂದು ನೋಡ್, ಲೆಕ್ಕಕ್ಕೆ ಒಂದು ಸ್ಕ್ರಿಪ್ಟ್ ನೋಡ್, ಆಮೇಲೆ ಸೇವ್ ನೋಡ್‌ಗೆ ಗೆರೆ, ಹಿಂಗೆ ಹಾಕ್ತಾ ಹಾಕ್ತಾ ಆರು ತಿಂಗಳಾದ್ಮೇಲೆ ತೆಗೆದು ನೋಡಿದ್ರೆ ಚೈನ್ ಎಣ್ಣೆ ಕಾಣದ ತಲೆ ಥರ ಸಿಕ್ಕುಸಿಕ್ಕು, ಬರೆದವ್ನಿಗೇ ಅರ್ಥ ಆಗಲ್ಲ. 2025ರಲ್ಲಿ ಬಂದ 4.0ರಲ್ಲಿ ಇದಕ್ಕೆ ಕ್ಯಾಲ್ಕುಲೇಟೆಡ್ ಫೀಲ್ಡ್ಸ್ ಅಂತ ಕೊಟ್ಟಿದ್ದಾರೆ, ಅದೂ ಅಪಾಚೆ 2.0 ಲೈಸೆನ್ಸ್ ಇರೋ ಕಮ್ಯುನಿಟಿ ಎಡಿಶನ್‌ನಲ್ಲೇ. ಅಪ್‌ಗ್ರೇಡ್ ಆದ ತಕ್ಷಣ ಎಲ್ರೂ ಸ್ಕಾಡಾ ಸ್ಕ್ರೀನ್ (ಪ್ಲಾಂಟ್‌ನ ಚಿತ್ರ ಬಿಡಿಸಿ ಮೆಷಿನ್ ಓಡೋದನ್ನ ಅಲ್ಲೇ ತೋರಿಸೋ ಸ್ಕ್ರೀನ್) ಚೆನ್ನಾಗಿದೆ ಅಂತ ಅದರ ಹಿಂದೆ ಓಡ್ತಾರೆ, ನನ್ ಪ್ರಕಾರ ಅದು ಕೊನೇ ಕೆಲ್ಸ. ಮೊದ್ಲು ಲೆಕ್ಕ, ಆಮೇಲೆ ಡೇಟಾಬೇಸ್, ಚಿತ್ರ ಆಮೇಲೆ.

ಅಪ್‌ಗ್ರೇಡ್ ಬಗ್ಗೆ ಎರಡೇ ಮಾತು. ಪೋಸ್ಟ್‌ಗ್ರೆಸ್ ಬ್ಯಾಕಪ್ ಇಲ್ದೆ ಕೈ ಹಾಕ್ಬೇಡಿ, ಮತ್ತೆ ನಿಮ್ದು ಹಳೇ 3ರ ಸರಣಿ ಆಗಿದ್ರೆ ಅಪ್‌ಗ್ರೇಡ್ ಪೇಜ್‌ನಲ್ಲಿ ಹೇಳಿರೋ ಕ್ರಮ ಬಿಟ್ಟು ಒಂದೇ ಜಿಗಿತಕ್ಕೆ ಹೋಗ್ಬೇಡಿ. ಹೊಸದಾಗಿ ಹಾಕೋರು ಡೆಮೊ ಡೇಟಾ ಜೊತೆ ಬರೋ ಟೆನೆಂಟ್ ಲಾಗಿನ್‌ನ ಪಾಸ್‌ವರ್ಡ್ ಬದಲಾಯಿಸಿ, ಅದು ಟೆನೆಂಟ್ ಅಂತಲೇ ಇರುತ್ತೆ, ಪ್ರಪಂಚಕ್ಕೇ ಗೊತ್ತು.

ಈಗ ಉದಾಹರಣೆ. ಒಂದು ಸ್ಕ್ರೂ ಕಂಪ್ರೆಸರ್ ಇದೆ ಅಂದ್ಕೊಳ್ಳಿ, ಅದಕ್ಕೆ ಆರ್‌ಎಸ್ 485 ವೈರ್‌ನಲ್ಲಿ ಮಾಡ್‌ಬಸ್ (ಫ್ಯಾಕ್ಟರಿ ಮೀಟರ್‌ಗಳು ಡೇಟಾ ಕಳಿಸೋ ಒಂದು ಭಾಷೆ) ಮಾತಾಡೋ ಎನರ್ಜಿ ಮೀಟರ್, ಪೈಪ್‌ಗೆ ಒಂದು ಫ್ಲೋ ಮೀಟರ್. ಎರಡನ್ನೂ ಥಿಂಗ್ಸ್‌ಬೋರ್ಡ್‌ನ ಐಒಟಿ ಗೇಟ್‌ವೇ ಮೂಲಕ ತರಬಹುದು, ಅದೂ ಓಪನ್ ಸೋರ್ಸೇ, ಪೈಥಾನ್‌ನಲ್ಲಿ ಬರೆದಿದ್ದು, ಮಾಡ್‌ಬಸ್, ಅದೇ ಥರದ ಇನ್ನೊಂದು ಭಾಷೆ ಒಪಿಸಿ ಯುಎ, ಎರಡೂ ಗೊತ್ತು ಅದಕ್ಕೆ. (ಮೀಟರ್ ರೀಡಿಂಗ್ ಕೋಟಿಗಟ್ಲೆ ಕಿಲೋವ್ಯಾಟ್ ತೋರಿಸಿದ್ರೆ ಗಾಬರಿ ಬೇಡ, ವರ್ಡ್ ಆರ್ಡರ್, ಅಂದ್ರೆ ಒಂದು ನಂಬರ್‌ನ ಎರಡು ತುಂಡು ಬರೋ ಕ್ರಮ, ಉಲ್ಟಾ ಆಗಿರುತ್ತೆ. ನಾನು ಇದೇ ವಿಷ್ಯಕ್ಕೆ ಒಂದಿಡೀ ಶನಿವಾರ ಕಳೆದಿದ್ದೀನಿ, ಮೀಟರ್ ಬಿಚ್ಚಿ ಮತ್ತೆ ಕೂರಿಸಿದ್ದೂ ಆಯ್ತು.)

ನಮಗೆ ಬೇಕಿರೋದು ಸ್ಪೆಸಿಫಿಕ್ ಪವರ್, ಅಂದ್ರೆ 100 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಕೊಡೋಕೆ ಎಷ್ಟು ಕಿಲೋವ್ಯಾಟ್ ತಿಂತು ಅಂತ. 7 ಬಾರ್ ಸುಮಾರಿನಲ್ಲಿ ಓಡೋ ಮೆಷಿನ್ ಆದ್ರೆ 16ರಿಂದ 20ರ ಆಸುಪಾಸು ಇರುತ್ತೆ, ದಿನ ಕಳೆದಂಗೆ ಅದು ಮೇಲೇರ್ತಾ ಇದ್ರೆ ಫಿಲ್ಟರ್ ನೋಡಿ, ಕೂಲರ್ ನೋಡಿ.

ಡಿವೈಸ್ ಪ್ರೊಫೈಲ್ ತೆಗೀರಿ. ಡಿವೈಸ್ ಒಂದರ ಮೇಲೂ ಹಾಕಬಹುದು, ಆದ್ರೆ ಪ್ರೊಫೈಲ್ ಮೇಲೆ ಹಾಕಿದ್ರೆ ಆ ಪ್ರೊಫೈಲ್‌ನ ಅಷ್ಟೂ ಕಂಪ್ರೆಸರ್‌ಗೆ ಒಂದೇ ಸಲ ಬರುತ್ತೆ, ನಾಳೆ ಇನ್ನೊಂದು ಮೆಷಿನ್ ಸೇರಿಸಿದ್ರೂ ಮತ್ತೆ ಮಾಡೋ ಹಂಗಿಲ್ಲ. ಕ್ಯಾಲ್ಕುಲೇಟೆಡ್ ಫೀಲ್ಡ್ಸ್ ಟ್ಯಾಬ್‌ನಲ್ಲಿ ಪ್ಲಸ್ ಒತ್ತಿ, ಟೈಪ್ ಕೇಳುತ್ತೆ, 4.0ರಲ್ಲಿ ಇದ್ದಿದ್ದು ಸಿಂಪಲ್ ಮತ್ತೆ ಸ್ಕ್ರಿಪ್ಟ್. ಸಿಂಪಲ್‌ನಲ್ಲಿ ಪವರ್, ಫ್ಲೋ ಅಂತ ಎರಡು ಆರ್ಗ್ಯುಮೆಂಟ್ ಸೇರಿಸಿ, ಎರಡಕ್ಕೂ ಲೇಟೆಸ್ಟ್ ಟೆಲಿಮೆಟ್ರಿ (ಡಿವೈಸ್ ಕಳಿಸಿದ ಕೊನೇ ರೀಡಿಂಗ್) ಆರಿಸಿ, ಎಕ್ಸ್‌ಪ್ರೆಶನ್ ಜಾಗದಲ್ಲಿ ಪವರ್ ಭಾಗ ಫ್ಲೋ ಗುಣಿಸು 100 ಅಂತ ಬರೆದು, ಔಟ್‌ಪುಟ್‌ಗೆ ಟೈಮ್ ಸೀರೀಸ್ (ಹೊತ್ತಿನ ಜೊತೆ ಉಳಿಯೋ ವ್ಯಾಲ್ಯೂಗಳು) ಆರಿಸಿ ಒಂದು ಕೀ, ಅಂದ್ರೆ ಆ ರೀಡಿಂಗ್‌ನ ಹೆಸರು, ಕೊಟ್ರೆ ಮುಗೀತು, ಎರಡು ನಿಮಿಷದ ಕೆಲ್ಸ.

ಮುಗೀತು ಅಂದೆ, ಆದ್ರೆ ಇಲ್ಲೇ ಎಡವೋದು. ಸಿಂಪಲ್ ಫೀಲ್ಡ್ ಯಾವ ಆರ್ಗ್ಯುಮೆಂಟ್ ಬಂದ್ರೂ ಒಂದ್ಸಲ ಲೆಕ್ಕ ಹಾಕುತ್ತೆ, ಇನ್ನೊಂದರದ್ದು ಕೈಲಿರೋ ಕೊನೇ ವ್ಯಾಲ್ಯೂ ತಗೊಳ್ಳುತ್ತೆ. ಕಂಪ್ರೆಸರ್ ಅನ್‌ಲೋಡ್ ಆದಾಗ, ಅಂದ್ರೆ ಗಾಳಿ ಕೊಡದೆ ಸುಮ್ನೆ ಓಡುವಾಗ, ಫ್ಲೋ ಸೊನ್ನೆ, ಆದ್ರೆ ಮೋಟರ್ ಸುತ್ತುತಾನೇ ಇರುತ್ತೆ, ಪೂರ್ತಿ ಲೋಡ್‌ನ 25ರಿಂದ 40 ಪರ್ಸೆಂಟ್‌ವರೆಗೂ ಕರೆಂಟ್ ಎಳೀತಾ ಇರಬಹುದು. ಸೊನ್ನೆಯಿಂದ ಭಾಗಿಸಿದ್ರೆ ಏನಾಗುತ್ತೆ ಅಂತ ಶಾಲೇಲೇ ಹೇಳ್ಕೊಟ್ಟಿದ್ದಾರೆ. ಸರಿ, ಸೊನ್ನೆ ಬಂದಾಗ ಬಿಟ್ಬಿಡೋಣ ಅಂದ್ರೆ ಅದು ಇನ್ನೂ ದೊಡ್ಡ ತಪ್ಪು, ಯಾಕಂದ್ರೆ ಕರೆಂಟ್ ದಂಡ ಆಗ್ತಿರೋದೇ ಆ ಅನ್‌ಲೋಡ್ ಹೊತ್ತಲ್ಲಿ, ಅದನ್ನೇ ಲೆಕ್ಕದಿಂದ ಆಚೆ ಹಾಕಿದ್ರೆ ಮೆಷಿನ್ ಬಂಗಾರದಂಗೆ ಓಡ್ತಿದೆ ಅಂತ ಗ್ರಾಫ್ ಸುಳ್ಳು ಹೇಳುತ್ತೆ.

ಅದಕ್ಕೇ ಸ್ಕ್ರಿಪ್ಟ್ ಟೈಪ್ ತಗೊಳ್ಳಿ. ಇದ್ರಲ್ಲಿ ಟೈಮ್ ಸೀರೀಸ್ ರೋಲಿಂಗ್ ಅನ್ನೋ ಆರ್ಗ್ಯುಮೆಂಟ್ ಸಿಗುತ್ತೆ, ಕೊನೇ ಇಷ್ಟು ನಿಮಿಷದ ಅಷ್ಟೂ ವ್ಯಾಲ್ಯೂ ಕೈಗೆ ಕೊಡುತ್ತೆ. ಪವರ್‌ಗೂ ಫ್ಲೋಗೂ 5 ನಿಮಿಷದ ವಿಂಡೋ ಕೊಡಿ, ಸ್ಕ್ರಿಪ್ಟ್‌ನಲ್ಲಿ ಪವರ್‌ನ ಸರಾಸರಿ ತೆಗೆದು ಫ್ಲೋನ ಸರಾಸರಿಯಿಂದ ಭಾಗಿಸಿ, ಒಂದೊಂದು ಸೆಕೆಂಡಿನ ಭಾಗಲಬ್ಧದ ಸರಾಸರಿ ಅಲ್ಲ ಮತ್ತೆ. ಸರಾಸರಿಗೆ ರೆಡಿ ಮೀನ್ ಫಂಕ್ಷನ್ ಇದೆ, ಲೂಪ್ ಬರೆಯೋದು ಬೇಡ. ಐದೂ ನಿಮಿಷ ಫ್ಲೋ ಸೊನ್ನೆನೇ ಇದ್ರೆ ಅಂತ ಒಂದು ಇಫ್ ಹಾಕಿ. ವಿಂಡೋಗೆ ಎಷ್ಟು ವ್ಯಾಲ್ಯೂ ಹಿಡಿಸ್ಬೇಕು ಅನ್ನೋ ಲಿಮಿಟ್ ನೋಡ್ಕೊಳ್ಳಿ, ಸೆಕೆಂಡಿಗೊಂದು ರೀಡಿಂಗ್ ಆದ್ರೆ 5 ನಿಮಿಷಕ್ಕೆ 300 ಬೇಕು, ಕಮ್ಮಿ ಇಟ್ರೆ ವಿಂಡೋ ಸದ್ದಿಲ್ದೆ ಚಿಕ್ಕದಾಗುತ್ತೆ. ಭಾಷೆ ಟಿಬೆಲ್ ಅಂತ, ನೋಡೋಕೆ ಜಾವಾಸ್ಕ್ರಿಪ್ಟ್ ಥರ ಇದೆ ಆದ್ರೆ ಪೂರ್ತಿ ಅಲ್ಲ, ಸೇವ್ ಮಾಡೋಕೆ ಮುಂಚೆ ಟೆಸ್ಟ್ ಬಟನ್ ಒತ್ತಿ ನೋಡಿ. ನಡೀತಿಲ್ಲ ಅಂದ್ರೆ ಡೀಬಗ್ ಆನ್ ಮಾಡಿ, ಎಲ್ಲ ಮೆಸೇಜ್ ತೋರಿಸೋದು 15 ನಿಮಿಷಕ್ಕೆ ತಾನೇ ಆಫ್ ಆಗುತ್ತೆ, ಹಿಂದೆ ಡೀಬಗ್ ಆಫ್ ಮಾಡೋದು ಮರೆತು ಡಿಸ್ಕ್ ತುಂಬಿಸ್ಕೊಂಡೋರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಒಳ್ಳೇದು, ಆರ್ಗ್ಯುಮೆಂಟ್ ಬೇರೆ ಕಡೆಯಿಂದಲೂ ತರಬಹುದು. ಯೂನಿಟ್‌ಗೆ ಎಷ್ಟು ರೂಪಾಯಿ ಅನ್ನೋದನ್ನ ಪ್ಲಾಂಟ್ ಅನ್ನೋ ಅಸೆಟ್‌ನ (ಡಿವೈಸ್ ಅಲ್ಲದ ಕಟ್ಟಡ, ಲೈನ್ ಥರದ ಎಂಟ್ರಿ) ಆಟ್ರಿಬ್ಯೂಟ್, ಅಂದ್ರೆ ಅದರ ಮೇಲೆ ಬರೆದಿಡೋ ವ್ಯಾಲ್ಯೂ, ಮಾಡಿಟ್ರೆ ದರ ಏರಿದಾಗ ಅಲ್ಲೊಂದು ಕಡೆ ತಿದ್ದಿದ್ರೆ ಸಾಕು.

ಎರಡನೇ ಕೆಲ್ಸ ಡೇಟಾಬೇಸ್. ಸೆಕೆಂಡಿಗೊಂದ್ಸಲ ಕಳಿಸೋ ಡಿವೈಸ್ ಒಂದು ಕೀಗೆ ದಿನಕ್ಕೆ 86,400 ಸಾಲು ಬರೆಯುತ್ತೆ, 12 ಕೀ ಇದ್ರೆ ಹತ್ತು ಲಕ್ಷ ದಾಟುತ್ತೆ, ಒಂದೇ ಮೆಷಿನ್‌ಗೆ. 4.0ರಿಂದ ಸೇವ್ ಟೈಮ್ ಸೀರೀಸ್ ನೋಡ್‌ನಲ್ಲಿ ಪ್ರೊಸೆಸಿಂಗ್ ಸೆಟಿಂಗ್ಸ್ ಬಂದಿದೆ, ಅದ್ರಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ ಟೈಮ್ ಸೀರೀಸ್‌ಗೆ ಮಾತ್ರ ಡಿಡುಪ್ಲಿಕೇಟ್ (ಇಷ್ಟು ಹೊತ್ತಿಗೆ ಒಂದೇ ಸಲ ಬರೆಯೋದು) 60 ಸೆಕೆಂಡ್ ಕೊಡಿ, ಲೇಟೆಸ್ಟ್ ವ್ಯಾಲ್ಯೂ, ವೆಬ್‌ಸಾಕೆಟ್ (ಸ್ಕ್ರೀನ್‌ಗೆ ಲೈವ್ ಆಗಿ ಕಳಿಸೋದು), ಕ್ಯಾಲ್ಕುಲೇಟೆಡ್ ಫೀಲ್ಡ್ಸ್ ಇವೆಲ್ಲ ಪ್ರತಿ ಮೆಸೇಜ್‌ಗೂ ಇರ್ಲಿ. ಸ್ಕ್ರೀನ್ ಮೇಲೆ ಮುಳ್ಳು ಸೆಕೆಂಡಿಗೊಮ್ಮೆ ಆಡುತ್ತೆ, ಡಿಸ್ಕ್‌ಗೆ ಹೋಗೋದು ಕೀಗೆ ದಿನಕ್ಕೆ 1,440 ಸಾಲು ಅಷ್ಟೇ. ಹುಷಾರ್ ಒಂದು, ಇದು ಕೀ ನೋಡಲ್ಲ, ಡಿವೈಸ್ ನೋಡುತ್ತೆ. ಆ ನಿಮಿಷದಲ್ಲಿ ಆ ಡಿವೈಸ್‌ನಿಂದ ಬಂದ ಮೊದಲ ಮೆಸೇಜ್ ಮಾತ್ರ ಉಳಿಯುತ್ತೆ. ಪವರ್ ಒಂದು ಮೆಸೇಜ್‌ನಲ್ಲಿ, ಫ್ಲೋ ಇನ್ನೊಂದರಲ್ಲಿ ಬರ್ತಿದ್ರೆ ಒಂದರ ಹಿಸ್ಟರಿ ಮಂಗಮಾಯ, ಹಂಗಾಗಿ ಗೇಟ್‌ವೇನಲ್ಲೇ ಎರಡನ್ನೂ ಒಂದೇ ಮೆಸೇಜ್ ಮಾಡಿ ಕಳಿಸಿ. ಫಾಲ್ಟ್ ಕೋಡ್, ಟ್ರಿಪ್ ಸಿಗ್ನಲ್ ಥರದವು ಈ ನೋಡ್‌ಗೆ ಬರಲೇಬಾರ್ದು, ಅವಕ್ಕೆ ಬೇರೆ ಸೇವ್ ನೋಡ್ ಇಟ್ಟು ಎಲ್ಲವನ್ನೂ ಬರೆಸಿ.

ಇನ್ನು ಸ್ಕಾಡಾ. ಅದು 4ಕ್ಕೂ ಮುಂಚೆ, 2024ರಲ್ಲಿ 3.8ರಲ್ಲೇ ಬಂದಿದ್ದು. ಡ್ಯಾಶ್‌ಬೋರ್ಡ್ ಲೇಔಟ್‌ನಲ್ಲಿ ಸ್ಕಾಡಾ ಆರಿಸಿ, ಪೈಪು, ಪಂಪು, ಟ್ಯಾಂಕು ರೆಡಿ ಸಿಂಬಲ್ ಎಳೆದು ಜೋಡಿಸ್ಬಹುದು, ನಿಮ್ಮದೇ ಎಸ್‌ವಿಜಿ ಚಿತ್ರ ಹಾಕಿ ಅದರ ಭಾಗಗಳಿಗೆ ಟ್ಯಾಗ್ ಕೊಡಲೂಬಹುದು. ಸ್ಟಾರ್ಟ್ ಸ್ಟಾಪ್ ಬಟನ್ ಇಡೋ ಆಸೆ ಆಗುತ್ತೆ, ಇಡಿ, ಆದ್ರೆ ಇಂಟರ್‌ಲಾಕ್ (ಅಪಾಯ ಇದ್ದಾಗ ಮೆಷಿನ್ ತಡೆಯೋ ವ್ಯವಸ್ಥೆ) ಮೆಷಿನ್ ಪಕ್ಕದ ಕಂಟ್ರೋಲರ್ ಪಿಎಲ್‌ಸಿಲೇ ಇರ್ಲಿ, ವೈಫೈ ನಂಬ್ಕೊಂಡು ಮೋಟರ್ ನಿಲ್ಲಿಸೋ ಯೋಜನೆ ಬೇಡ. ನಮ್ ಸಾಹೇಬ್ರಿಗೆ ಈ ಸ್ಕ್ರೀನ್ ತೋರಿಸಿದ ದಿನ ಸ್ಪೆಸಿಫಿಕ್ ಪವರ್ ನಂಬರ್ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ, ಪೈಪ್‌ನಲ್ಲಿ ಗಾಳಿ ಹರಿಯೋದು ಇನ್ನೊಂಚೂರು ಜೋರಾಗಿ ತೋರಿಸೋಕಾಗುತ್ತಾ ಅಂದ್ರು.