ರಾತ್ರಿ ಒಂದೂವರೆಗೆ ಡ್ಯೂಟಿ ಬದಲು

ಮನೆಯಿಂದ ಕೆಲಸ ಮಾಡುವವರಿಗೆ ಮಗು ಹುಟ್ಟಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನೀನು ಹೇಗೂ ಮನೇಲೇ ಇರ್ತೀಯಲ್ಲ!" ಹಗಲೂ ನಾವೇ, ರಾತ್ರಿಯೂ ನಾವೇ. ಆಮೇಲೆ ಆಫೀಸಿನ ಫೋನ್ ಕಾಲ್‌ನಲ್ಲಿ ತೂಕಡಿಸಿದರೆ ಬೈಸಿಕೊಳ್ಳುವವರೂ ನಾವೇ. ನಾನೂ ನನ್ನ ಹೆಂಡತಿಯೂ ರಾತ್ರಿಯನ್ನು ಹಂಚಿಕೊಂಡು ಆರು ತಿಂಗಳಾಗುತ್ತಾ ಬಂತು. ಇನ್ನೂ ಕೆಟ್ಟಿಲ್ಲ. ಇದು ನಡೆಯಲ್ಲ ಅಂದವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

ನಾವಿರುವುದು ಚಿಕ್ಕಮಗಳೂರಿನಲ್ಲಿ. ಅವಳಿಗೆ ಮೂಡಿಗೆರೆಯಲ್ಲಿ ಬ್ಯಾಂಕ್ ಕೆಲಸ, ಸುಮಾರು 30 ಕಿಲೋಮೀಟರ್. ಎಂಟಕ್ಕೆಲ್ಲ ಬಸ್ ಸ್ಟ್ಯಾಂಡಿನಲ್ಲಿರಬೇಕು. ನನಗೆ ಬೆಂಗಳೂರಿನ ಕಂಪನಿ, ಅಮೆರಿಕದ ಕ್ಲೈಂಟು, ರಾತ್ರಿ ಹನ್ನೊಂದು ಹನ್ನೆರಡರವರೆಗೂ ಕೆಲಸ. 26 ವಾರದ ಹೆರಿಗೆ ರಜೆಯಲ್ಲಿ ಒಂದೂವರೆ ತಿಂಗಳು ಹೆರಿಗೆಗೆ ಮುಂಚೆಯೇ ಮುಗಿದಿತ್ತು. ಹಾಗಾಗಿ ಅವಳು ಮತ್ತೆ ಕೆಲಸಕ್ಕೆ ಹೊರಟಾಗ ಮಗಳಿಗೆ ನಾಲ್ಕೂವರೆ ತಿಂಗಳು. ಅದೂ ಜುಲೈ ತಿಂಗಳು. ಮಳೆ ಅಂದ್ರೆ ಮಳೆ.

ಮೊದಲು ಎಲ್ಲರ ಹಾಗೆ ಸರದಿ ಹಾಕಿಕೊಂಡೆವು. ಈ ಸಲ ಅತ್ತರೆ ನೀನು, ಮುಂದಿನ ಸಲ ನಾನು. ಇದು ಬರೀ ಮೋಸ. ಯಾರ ಸರದಿಯಲ್ಲಿ ಅತ್ತರೂ ಇಬ್ಬರಿಗೂ ಎಚ್ಚರ. ಆಮೇಲೆ ದಿನ ಬಿಟ್ಟು ದಿನ, ಇಡೀ ರಾತ್ರಿ ಒಬ್ಬರೇ ನೋಡುವುದು ಅಂತ ಮಾಡಿದೆವು. ಬೆಳಗಿನ ಜಾವಕ್ಕೆ ಅವಳಿಗೆ ಹಾಲು ಕಟ್ಟಿಕೊಂಡು ವಿಪರೀತ ನೋವು. ಹಾಲು ತೆಗೆಯದೆ ಹಾಗೇ ಬಿಡುತ್ತಾ ಹೋದರೆ ಬರುವುದೂ ಕಡಿಮೆಯಾಗುತ್ತದೆ. ಅದನ್ನೂ ಕೈಬಿಟ್ಟೆವು. ರಾತ್ರಿ ಮಗು ನೋಡಿಕೊಳ್ಳುವವರನ್ನು ವಿಚಾರಿಸಿದರೆ ತಿಂಗಳಿಗೆ ಹದಿನೈದು ಸಾವಿರದ ಮೇಲೆ ಹೇಳಿದರು. ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಕೈಹಿಡಿದದ್ದು ಗಡಿಯಾರ. ಒಂಬತ್ತಕ್ಕೆ ಅವಳು ಹಾಲು ಕೊಟ್ಟು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂದೂವರೆಯವರೆಗೆ ಏನೇ ಆದರೂ ನಾನು. ಹೇಗೂ ಎಚ್ಚರವಾಗೇ ಇರುತ್ತೇನಲ್ಲ, ತೊಟ್ಟಿಲು ನನ್ನ ಮೇಜಿನ ಪಕ್ಕದಲ್ಲೇ. ಒಂದೂವರೆಗೆ ಅವಳನ್ನು ಎಬ್ಬಿಸಿ ನಾನು ಆ ಕೋಣೆಗೆ. ಏಳರವರೆಗೆ ನನ್ನನ್ನು ಯಾರೂ ಕರೆಯುವಂತಿಲ್ಲ. ಇಬ್ಬರಿಗೂ ಒಂದೇ ಪಟ್ಟಿಗೆ ನಾಲ್ಕೂವರೆ ಐದು ಗಂಟೆ ನಿದ್ದೆ. ಹಾಲು ಕಟ್ಟುವಷ್ಟು ಹೊತ್ತೂ ಅಲ್ಲ. ಬಾಗಿಲು ಹಾಕುವುದೇ ಇದರ ಜೀವಾಳ, ಅಮ್ಮನಿಗೆ ಸಿಟ್ಟು ಬಂದದ್ದೂ ಅದಕ್ಕೇ. "ಹೆತ್ತವಳು ಬಾಗಿಲು ಹಾಕ್ಕೊಂಡು ಮಲಗೋದು ಎಲ್ಲಾದ್ರೂ ಉಂಟೇನೋ?" ಅತ್ತೆ ಮೆತ್ತಗೆ, "ನೀವ್ಯಾಕೆ ಒದ್ದಾಡ್ತೀರಿ, ಇನ್ನೆರಡು ತಿಂಗಳು ನಾನೇ ಇರ್ತೀನಿ" ಅಂದರು. ಅವರಿಗೆ ಮಂಡಿನೋವು. ರಾತ್ರಿ ಅವರನ್ನು ಎಬ್ಬಿಸುವುದು ಯಾವ ನ್ಯಾಯ?

ಹನ್ನೊಂದಕ್ಕೆ ನಾನು ಕೊಡುವ ಹಾಲನ್ನು ಅವಳು ಮೊದಲೇ ತೆಗೆದಿಡಬೇಕು, ಅದರದೇ ದೊಡ್ಡ ಕಥೆ. ಏಳೆಂಟು ನೂರು ಕೊಟ್ಟು ತಂದ ಕೈಪಂಪಿನಲ್ಲಿ ಅವಳ ಮಣಿಕಟ್ಟು ನೋವು ಬಂತೇ ಹೊರತು ಹಾಲು ಬರಲಿಲ್ಲ. ಕರೆಂಟಿನದಕ್ಕೆ ಮೂರು ಸಾವಿರ ಚಿಲ್ಲರೆ ಆಯಿತು, ಅದು ದಂಡವಾಗಲಿಲ್ಲ. ತೆಗೆದ ಹಾಲು ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಇದು ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಒಂದು ದಿನ ಕೆನೆ ಮೇಲೆ, ನೀರು ಕೆಳಗೆ ಆಗಿದ್ದು ನೋಡಿ ಒಡೆದಿದೆ ಅಂತ ಚೆಲ್ಲಿಯೇಬಿಟ್ಟರು! ನಿಧಾನಕ್ಕೆ ಅಲ್ಲಾಡಿಸಿದರೆ ಸರಿಹೋಗುತ್ತದೆ. ಬಿಸಿ ಮಾಡಲು ಒಲೆ ಬೇಡ, ಬಿಸಿನೀರಿನ ಬಟ್ಟಲಲ್ಲಿ ಲೋಟ ಇಟ್ಟರೆ ಸಾಕು.

ಬಾಟಲಿಯ ನಿಪ್ಪಲ್ಲನ್ನು ಮಗಳು ನಾಲಿಗೆಯಿಂದ ಆಚೆ ತಳ್ಳುತ್ತಿದ್ದಳು. ಮೂರು ಬಗೆಯವು ತಂದೆ, ಆರೇಳು ನೂರು ನೀರಿಗೆ. ಕೊನೆಗೆ ತವರಿಂದ ಬಂದಿದ್ದ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಹಾಲಿನ ಬಟ್ಟಲಲ್ಲಿ, ಕುಡಿದಳು. ತೊಳೆಯಲು ಸುಲಭ, ಕುದಿಸಲೂ ಸುಲಭ. ಮೊದಲ ವಾರ ನನ್ನ ಕೈಯಲ್ಲಿ ಕುಡಿಯಲು ಅವಳನ್ನು ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ಗುಟ್ಟು. ಹೆಂಡತಿಯ ಹಳೇ ಶಾಲು ಹೊದ್ದು ಕೂರುತ್ತಿದ್ದೆ, ಅಷ್ಟು ಹೇಳಬಲ್ಲೆ.

ಮಳೆಗಾಲದಲ್ಲಿ ಲಂಗೋಟಿ ಒಣಗಲ್ಲ, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಡೈಪರ್ ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ, ಹಾಗಾಗಿ ರಾತ್ರಿಗೆ ಮಾತ್ರ. ಬಟ್ಟೆ ಒಣಗಲಿ ಅಂತ ಕೋಣೆಯಲ್ಲಿ ಹಗ್ಗ ಕಟ್ಟಿ ಟೇಬಲ್ ಫ್ಯಾನ್ ಹಚ್ಚಿಟ್ಟೆ. ಬಟ್ಟೆ ಅರ್ಧಂಬರ್ಧ ಒಣಗಿತು, ಮಗು ಮಾತ್ರ ಆ ಗುಂಯ್ ಸದ್ದಿಗೆ ಚೆನ್ನಾಗಿ ನಿದ್ದೆ ಹೋಯಿತು. ಕರೆಂಟ್ ಹೋಗಿ ಫ್ಯಾನ್ ನಿಂತರೆ ಎರಡು ನಿಮಿಷದಲ್ಲಿ ಎಚ್ಚರ. ಇನ್ವರ್ಟರ್ ಹಾಕಿಸಿದ್ದು ವೈಫೈಗೆ ಅಂತ ಆಫೀಸಿನಲ್ಲಿ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಫ್ಯಾನಿಗೆ. ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಖರ್ಚಿನಲ್ಲಿ ಅದೇ ದೊಡ್ಡದು.

ತಾನೇ ತೂಗುವ ಮೋಟರ್ ಜೋಲಿಗೂ ನಾಲ್ಕು ಸಾವಿರ ಸುರಿದಿದ್ದೆ. ಅದರ ಕಿರಿಕಿರಿ ಸದ್ದಿಗೆ ಕಾಲ್‌ನಲ್ಲಿದ್ದ ಕ್ಲೈಂಟು ನಿಮ್ಮಲ್ಲಿ ಹಕ್ಕಿ ಸಾಕಿದ್ದೀರಾ ಅಂತ ಕೇಳಿದ.

ಈಗ ನನ್ನ ತಮ್ಮನ ಹೆಂಡತಿಗೆ ಏಳು ತಿಂಗಳು. ಅವನೂ ಮನೆಯಿಂದಲೇ ಕೆಲಸ ಮಾಡೋನು. ಮೊನ್ನೆ ಬಂದು ಟೈಮ್ ಟೇಬಲ್ ಬರೆದುಕೊಂಡು ಹೋದ. ಪಂಪ್ ಕೇಳಿದ, ಕೊಡಲಿಲ್ಲ. ಅದು ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸೋ ಸಾಮಾನಲ್ಲ. ಜೋಲಿಯ ಮೋಟರ್ ಮಾತ್ರ ಧಾರಾಳವಾಗಿ ಕೊಟ್ಟು ಕಳಿಸಿದೆ.