ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಧ್ವನಿ ಬಾರದಿದ್ದರೆ: ಅಂಗಡಿಗೆ ಒಯ್ಯುವ ಮೊದಲು ಮಾಡಬೇಕಾದ ತಪಾಸಣೆ

ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತಿದೆ, ಇಂಟರ್‌ನೆಟ್ ಕೂಡ ನಡೆಯುತ್ತಿದೆ, ಧ್ವನಿ ಮಾತ್ರ ಇಲ್ಲ ಎಂಬ ದೂರು ಹೊತ್ತು ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆಯಿಂದ ಸಿಪಿಯುವನ್ನು ಬೈಕಿನ ಹಿಂದೆ ಕಟ್ಟಿಕೊಂಡು ತುಮಕೂರಿಗೆ ಬರುವವರು ಈಗಲೂ ಇದ್ದಾರೆ. ಬರುವಾಗ ಸ್ಪೀಕರನ್ನೂ ಅದರ ವೈರನ್ನೂ ಮನೆಯಲ್ಲಿಯೇ ಬಿಟ್ಟಿರುತ್ತಾರೆ. ಅಂಗಡಿಯಲ್ಲಿ ಬೇರೊಂದು ಸ್ಪೀಕರ್ ಜೋಡಿಸಿದ ಕೂಡಲೇ ಧ್ವನಿ ಬರುತ್ತದೆ. ಅಂದರೆ ದೋಷವಿದ್ದ ವಸ್ತು ಊರಿನಲ್ಲೇ ಉಳಿದಿದೆ ಎಂದಾಯಿತು. ಇನ್ನೂ ಬೇಸರದ ಸಂಗತಿಯೆಂದರೆ, ಏನನ್ನೂ ನೋಡದೆ ‘ವಿಂಡೋಸ್ ಹೊಸದಾಗಿ ಹಾಕಬೇಕು’ ಎಂದುಬಿಡುವ ಅಭ್ಯಾಸ. ಧ್ವನಿಯ ತೊಂದರೆಗೆ ಫಾರ್ಮ್ಯಾಟ್ ಮಾಡಿಸುವ ಅಗತ್ಯ ಬೀಳುವುದು ತೀರ ಅಪರೂಪ.

ಧ್ವನಿಯು ನಾವು ತೆರೆದ ಪ್ರೋಗ್ರಾಮಿನಿಂದ ಹೊರಟು ವಿಂಡೋಸ್, ಡ್ರೈವರ್ (ಚಿಪ್ಪಿನಂಥ ಭಾಗಗಳನ್ನು ವಿಂಡೋಸ್ ಬಳಸುವಂತೆ ಮಾಡುವ ತಂತ್ರಾಂಶ), ಮದರ್‌ಬೋರ್ಡಿನ ಮೇಲಿರುವ ಆಡಿಯೋ ಚಿಪ್, ಹಿಂಬದಿಯ ಜ್ಯಾಕ್, ವೈರು ಇವಿಷ್ಟನ್ನೂ ದಾಟಿ ಸ್ಪೀಕರ್ ತಲುಪುತ್ತದೆ. ಈ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಎಂಬುದನ್ನು ಕಂಡುಕೊಳ್ಳುವುದೇ ನಮ್ಮ ಕೆಲಸ. ಹೊರಗಿನ ತುದಿಯಿಂದ, ಅಂದರೆ ಸ್ಪೀಕರಿನಿಂದ ಆರಂಭಿಸುವುದು ಒಳ್ಳೆಯದು; ಅಲ್ಲಿನ ಪರೀಕ್ಷೆಗೆ ಖರ್ಚೂ ಇಲ್ಲ, ಏನನ್ನಾದರೂ ಕೆಡಿಸುವ ಭಯವೂ ಇಲ್ಲ.

ಸ್ಪೀಕರ್ ಮತ್ತು ವೈರು

ಸ್ಪೀಕರಿನ ಪಿನ್ನನ್ನು ಕಂಪ್ಯೂಟರಿನಿಂದ ತೆಗೆದು, ಹೆಡ್‌ಫೋನ್ ಜ್ಯಾಕ್ ಇರುವ ಯಾವುದಾದರೂ ಹಳೆಯ ಮೊಬೈಲಿಗೋ ಟಿವಿಗೋ ಚುಚ್ಚಿ ಒಂದು ಹಾಡು ಹಾಕಿರಿ. ಅಲ್ಲಿಯೂ ಧ್ವನಿ ಬಾರದಿದ್ದರೆ ಕಂಪ್ಯೂಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಅಲ್ಲಿ ಧ್ವನಿ ಬಂದರೆ ಸ್ಪೀಕರ್, ವೈರು ಎರಡೂ ಸರಿಯಿವೆ ಎಂದು ಖಚಿತವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮೊಬೈಲಿನ ಇಯರ್‌ಫೋನನ್ನು ಕಂಪ್ಯೂಟರಿಗೆ ಹಾಕಿ ನೋಡುವುದೂ ಅಷ್ಟೇ ಉಪಯುಕ್ತ.

ಕರೆಂಟಿನ ವಿಷಯವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಸಿಪಿಯು ಮತ್ತು ಮಾನಿಟರ್ ಯುಪಿಎಸ್‌ಗೆ ಸೇರಿದ್ದು, ಸ್ಪೀಕರಿನ ಪ್ಲಗ್ ಮಾತ್ರ ಗೋಡೆಯ ಬೋರ್ಡಿನಲ್ಲಿ ಇರುವುದು ಸಾಮಾನ್ಯ. ಕರೆಂಟು ಹೋದಾಗ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ, ಸ್ಪೀಕರ್ ಮೌನವಾಗುತ್ತದೆ. ಹಗಲಿನಲ್ಲಿ ದೀಪ ಹಾಕಿರದಿದ್ದರೆ ಕರೆಂಟು ಹೋದದ್ದೇ ತಿಳಿಯುವುದಿಲ್ಲ. ವೂಫರ್ ಇರುವ 2.1 ಸೆಟ್ಟುಗಳಲ್ಲಿ ಇನ್ನೊಂದು ಸಂಗತಿಯಿದೆ. ಬ್ಲೂಟೂತ್, ಎಫ್‌ಎಂ, ಪೆನ್‌ಡ್ರೈವ್, ಆಕ್ಸ್ ಎಂದು ಹಲವು ಮೋಡ್‌ಗಳಿರುವ ಕೆಲವು ಸೆಟ್ಟುಗಳು ಕರೆಂಟು ಹೋಗಿ ಬಂದಾಗ ತಾವಾಗಿಯೇ ಬ್ಲೂಟೂತ್ ಮೋಡಿಗೆ ಮರಳುತ್ತವೆ. ಕಂಪ್ಯೂಟರಿನ ವೈರು ಸೇರಿರುವುದು ಆಕ್ಸ್‌ಗೆ. ಮೋಡ್ ಬಟನ್ ಒತ್ತಿ ಆಕ್ಸ್‌ಗೆ ತರುವವರೆಗೂ ವಿಂಡೋಸಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ.

ಚಿಕ್ಕ ಸ್ಪೀಕರುಗಳಲ್ಲಿ ಯುಎಸ್‌ಬಿ ತುದಿ ಮತ್ತು ದುಂಡನೆಯ 3.5 ಮಿ.ಮೀ. ಪಿನ್ನು ಎರಡೂ ಇದ್ದರೆ, ಯುಎಸ್‌ಬಿಯ ಮೂಲಕ ಸಾಮಾನ್ಯವಾಗಿ ಬರಿಯ ಕರೆಂಟು ಹೋಗುತ್ತದೆ, ಧ್ವನಿ ಹೋಗುವುದು ದುಂಡನೆಯ ಪಿನ್ನಿನಲ್ಲಿ. ಎರಡನ್ನೂ ಸೇರಿಸಲೇಬೇಕು. ಯುಎಸ್‌ಬಿ ಒಂದೇ ಇರುವ ಸ್ಪೀಕರಾದರೆ ಅದು ವಿಂಡೋಸಿನಲ್ಲಿ ಪ್ರತ್ಯೇಕ ಸಾಧನವಾಗಿಯೇ ತೋರುತ್ತದೆ.

ಪಿನ್ನು ಪೂರ್ತಿ ಒಳಗೆ ಹೋಗಿದೆಯೇ ಎಂಬುದನ್ನು ಬೆರಳಿನಿಂದ ಒತ್ತಿ ನೋಡಿರಿ. ಅರ್ಧ ಕೂತ ಪಿನ್ನು ವಿಚಿತ್ರ ಲಕ್ಷಣವೊಂದನ್ನು ತೋರಿಸುತ್ತದೆ: ಹಾಡಿನಲ್ಲಿ ವಾದ್ಯಗಳೆಲ್ಲ ಕೇಳಿಸುತ್ತವೆ, ಹಾಡುವವರ ಕಂಠ ಮಾತ್ರ ಮಾಯವಾಗಿರುತ್ತದೆ. ಪಿನ್ನಿನ ಗ್ರೌಂಡ್ ಸಂಪರ್ಕ ತಪ್ಪಿದಾಗ ಎಡ ಮತ್ತು ಬಲ ವಾಹಿನಿಗಳ ನಡುವಿನ ವ್ಯತ್ಯಾಸ ಮಾತ್ರ ಸ್ಪೀಕರಿಗೆ ಮುಟ್ಟುತ್ತದೆ. ಗಾಯಕರ ಧ್ವನಿ ಎರಡರಲ್ಲಿಯೂ ಸಮನಾಗಿ ಇರುವುದರಿಂದ ಅದು ಪರಸ್ಪರ ಕಳೆದುಹೋಗುತ್ತದೆ. ವಾರ್ತೆ ಅಥವಾ ಪಾಠದ ವಿಡಿಯೋದಲ್ಲಿ ಇರುವುದು ಬರಿಯ ಮಾತು, ಹಾಗಾಗಿ ಅಲ್ಲಿ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಈ ಲಕ್ಷಣ ಕಂಡರೆ ಪಿನ್ನನ್ನು ತೆಗೆದು ಮತ್ತೆ ಬಿಗಿಯಾಗಿ ಹಾಕಿರಿ, ಆಗಲೂ ಹಾಗೆಯೇ ಇದ್ದರೆ ವೈರು ಬದಲಿಸಿರಿ. ಅಟ್ಟದಲ್ಲಿ ಕೊಬ್ಬರಿ ಇಟ್ಟಿರುವ ಮನೆಗಳಲ್ಲಿ ಇಲಿ ವೈರನ್ನೂ ಬಿಡುವುದಿಲ್ಲವಾದ್ದರಿಂದ ಮೇಜಿನ ಹಿಂದೆ ಒಮ್ಮೆ ಟಾರ್ಚು ಹಾಕಿ ನೋಡುವುದು ಲೇಸು.

ಇನ್ನು ಜ್ಯಾಕುಗಳು. ಸಿಪಿಯುವಿನ ಹಿಂಬದಿಯಲ್ಲಿ ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿ ನೀಲಿ ಹೊರಗಿನ ಧ್ವನಿಯನ್ನು ಒಳಗೆ ತರುವುದಕ್ಕೆ. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ‘ಪಿಸಿ 99’ ಮಾರ್ಗಸೂಚಿಯಿಂದ ಬಂದ ಈ ಬಣ್ಣಗಳೇ ಇಂದಿಗೂ ನಡೆಯುತ್ತಿವೆ. ಕೆಲವು ಬೋರ್ಡುಗಳಲ್ಲಿ ಎಲ್ಲವೂ ಕಪ್ಪಾಗಿದ್ದು, ಪಕ್ಕದಲ್ಲಿ ಸಣ್ಣ ಗುರುತು ಮಾತ್ರ ಇರುತ್ತದೆ. ಮುಂಬದಿಯ ಜ್ಯಾಕಿನಲ್ಲಿ ಧ್ವನಿ ಇಲ್ಲ, ಹಿಂಬದಿಯದರಲ್ಲಿ ಇದೆ ಎಂದಾದರೆ, ಕ್ಯಾಬಿನೆಟ್ಟಿನಿಂದ ಮದರ್‌ಬೋರ್ಡಿಗೆ ಹೋಗುವ ಆಡಿಯೋ ವೈರನ್ನು ಜೋಡಿಸಿದವರು ಹಾಗೆಯೇ ಬಿಟ್ಟಿರುವ ಸಂಭವವೇ ಹೆಚ್ಚು. ಮುಂಬದಿಯಲ್ಲಿ ಹೆಡ್‌ಫೋನ್ ಸಿಕ್ಕಿಸಿಟ್ಟರೆ ಹಿಂಬದಿಯ ಸ್ಪೀಕರನ್ನು ಡ್ರೈವರ್ ತಾನಾಗಿಯೇ ಮುಚ್ಚುವ ವ್ಯವಸ್ಥೆಯೂ ಹಲವು ಕಂಪ್ಯೂಟರುಗಳಲ್ಲಿ ಇದೆ. ಅದನ್ನು ದೋಷವೆಂದು ತಿಳಿಯಬಾರದು.

ವಿಂಡೋಸ್ ಧ್ವನಿಯನ್ನು ಎಲ್ಲಿಗೆ ಕಳುಹಿಸುತ್ತಿದೆ?

ಹೊರಗಿನ ಜೋಡಣೆ ಸರಿಯಿದ್ದೂ ಧ್ವನಿ ಬಾರದಿದ್ದಾಗ ಕಾರಣ ಬಹುಪಾಲು ಇಲ್ಲಿಯೇ ಸಿಗುತ್ತದೆ. ಹಳೆಯ ಮಾನಿಟರ್ ತೆಗೆದು ಎಚ್‌ಡಿಎಂಐ ಕೇಬಲ್ಲಿನ ಹೊಸ ಮಾನಿಟರ್ ಹಾಕಿದ ದಿನದಿಂದ ಧ್ವನಿ ನಿಂತಿದೆ ಎಂದು ಯಾರಾದರೂ ಹೇಳಿದರೆ ಬೇರೆ ಏನನ್ನೂ ಹುಡುಕಬೇಕಾಗಿಲ್ಲ. ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಕೇಬಲ್ಲುಗಳಲ್ಲಿ ಚಿತ್ರದೊಂದಿಗೆ ಧ್ವನಿಯೂ ಹೋಗುವುದರಿಂದ, ವಿಂಡೋಸ್ ಮಾನಿಟರನ್ನೇ ಸ್ಪೀಕರೆಂದು ಭಾವಿಸಿ ಧ್ವನಿಯನ್ನೆಲ್ಲ ಅಲ್ಲಿಗೆ ಕಳುಹಿಸತೊಡಗುತ್ತದೆ. ಮಾನಿಟರಿನಲ್ಲಿ ಸ್ಪೀಕರೇ ಇಲ್ಲದಿದ್ದರೂ, ಹೆಡ್‌ಫೋನ್ ಜ್ಯಾಕ್ ಮಾತ್ರ ಇದ್ದರೂ ಹೀಗಾಗಬಹುದು.

ವಿಂಡೋಸ್ 11ರಲ್ಲಿ ಟಾಸ್ಕ್‌ಬಾರಿನ ಬಲತುದಿಯ ಸ್ಪೀಕರ್ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸೌಂಡ್ ಸೆಟ್ಟಿಂಗ್ಸ್’ ತೆರೆದರೆ ಔಟ್‌ಪುಟ್ ಪಟ್ಟಿ ಕಾಣುತ್ತದೆ. ವಿಂಡೋಸ್ 10ರಲ್ಲಿಯೂ ಇದೇ ಕ್ರಮ. ಅಲ್ಲಿ ಮಾನಿಟರಿನ ಹೆಸರು ಬಿಟ್ಟು ‘ಸ್ಪೀಕರ್ಸ್’ ಎಂಬುದನ್ನು ಆರಿಸಿರಿ. ಹಿಂದೆ ಜೋಡಿಸಿದ್ದ ಬ್ಲೂಟೂತ್ ಇಯರ್‌ಬಡ್ಸ್ ಪಕ್ಕದ ಕೋಣೆಯ ಚೀಲದೊಳಗಿನಿಂದಲೇ ಧ್ವನಿಯನ್ನು ಎಳೆದುಕೊಳ್ಳುತ್ತಿರಬಹುದು. ಅದೂ ಈ ಪಟ್ಟಿಯಲ್ಲಿಯೇ ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ತಿಳಿಸುವುದು ಹಳೆಯ ಸೌಂಡ್ ಕಿಟಕಿ. ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿದಾಗ ತೆರೆಯುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಎಂ, ಎಂ, ಎಸ್, ವೈ, ಎಸ್ ಅಕ್ಷರಗಳನ್ನೂ ಒಂದು ಚುಕ್ಕಿಯನ್ನೂ ಸಿ, ಪಿ, ಎಲ್ ಅಕ್ಷರಗಳನ್ನೂ ಜಾಗ ಬಿಡದೆ ಟೈಪಿಸಿ ಎಂಟರ್ ಒತ್ತಿರಿ. ‘ಪ್ಲೇಬ್ಯಾಕ್’ ಭಾಗದಲ್ಲಿ ಸಾಧನಗಳೆಲ್ಲ ಸಾಲಾಗಿ ಕಾಣುತ್ತವೆ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ‘ಶೋ ಡಿಸೇಬಲ್ಡ್ ಡಿವೈಸಸ್’ ಆರಿಸಿದರೆ, ಯಾರೋ ಎಂದೋ ನಿಷ್ಕ್ರಿಯಗೊಳಿಸಿದ್ದ ಸ್ಪೀಕರೂ ಹೊರಬರುತ್ತದೆ. ಈಗ ಒಂದು ಹಾಡು ಹಾಕಿ ಈ ಕಿಟಕಿಯನ್ನೇ ನೋಡುತ್ತಿರಿ. ಯಾವುದಾದರೂ ಸಾಧನದ ಪಕ್ಕದ ಪಟ್ಟಿಯಲ್ಲಿ ಹಸಿರು ಗೆರೆಗಳು ಏರಿಳಿಯುತ್ತಿದ್ದರೆ ಧ್ವನಿ ಅದೇ ಸಾಧನಕ್ಕೆ ಹೋಗುತ್ತಿದೆ ಎಂದರ್ಥ. ಅದು ಮಾನಿಟರಿನ ಪಕ್ಕದಲ್ಲಿದ್ದರೆ ಸ್ಪೀಕರಿನ ಮೇಲೆ ಬಲಗುಂಡಿ ಒತ್ತಿ ‘ಸೆಟ್ ಆಸ್ ಡಿಫಾಲ್ಟ್ ಡಿವೈಸ್’ ಕೊಡಿರಿ. ಸ್ಪೀಕರಿನ ಪಕ್ಕದಲ್ಲಿಯೇ ಗೆರೆ ಏರುತ್ತಿದ್ದೂ ಕಿವಿಗೆ ಬೀಳದಿದ್ದರೆ ಮತ್ತೆ ಜ್ಯಾಕ್, ವೈರುಗಳ ಕಡೆಗೇ ಮರಳಬೇಕು. ಗೆರೆ ಎಲ್ಲಿಯೂ ಏರದಿದ್ದರೆ ಪ್ರೋಗ್ರಾಮಿನಿಂದ ಧ್ವನಿ ಹೊರಟೇ ಇಲ್ಲ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಬೇರೊಂದಿಲ್ಲ.

ಧ್ವನಿ ಹೊರಟೇ ಇಲ್ಲವಾದರೆ ‘ವಾಲ್ಯೂಮ್ ಮಿಕ್ಸರ್’ ತೆರೆದು ಆ ಪ್ರೋಗ್ರಾಮಿನ ಮಟ್ಟ ಸೊನ್ನೆಯಾಗಿದೆಯೇ ನೋಡಿರಿ. ಬ್ರೌಸರಿನಲ್ಲಿ ಒಂದೊಂದು ಟ್ಯಾಬನ್ನೂ ಬೇರೆಯಾಗಿ ಮ್ಯೂಟ್ ಮಾಡಬಹುದಾದ್ದರಿಂದ ಅದನ್ನೂ ಪರಿಶೀಲಿಸಬೇಕು. ಆನ್‌ಲೈನ್ ತರಗತಿಯ ಕರೆ ಬಂದಾಗ ಉಳಿದ ಧ್ವನಿಗಳೆಲ್ಲ ಕುಗ್ಗುವುದು ವಿಂಡೋಸಿನ ಒಂದು ಸೌಲಭ್ಯ. ಕರೆಯ ವೇಳೆ ಇತರ ಧ್ವನಿಯನ್ನು ಶೇ. 80ರಷ್ಟು ತಗ್ಗಿಸುವ ಈ ಏರ್ಪಾಡನ್ನು ಅದೇ ಸೌಂಡ್ ಕಿಟಕಿಯ ‘ಕಮ್ಯುನಿಕೇಷನ್ಸ್’ ಭಾಗದಲ್ಲಿ ನಿಲ್ಲಿಸಬಹುದು.

ಡ್ರೈವರ್

ಡ್ರೈವರಿಗೆ ಕೈ ಹಾಕುವ ಮೊದಲು ಒಮ್ಮೆ ‘ರೀಸ್ಟಾರ್ಟ್’ ಕೊಡಿರಿ. ‘ಶಟ್ ಡೌನ್’ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಸಮವಲ್ಲ. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿದ್ದರೆ, ಶಟ್ ಡೌನ್ ಮಾಡುವಾಗ ಡ್ರೈವರುಗಳ ಸ್ಥಿತಿಯನ್ನು ವಿಂಡೋಸ್ ಡಿಸ್ಕಿನಲ್ಲಿ ಉಳಿಸಿಟ್ಟು ಮರುದಿನ ಹಾಗೆಯೇ ಎತ್ತಿಕೊಳ್ಳುತ್ತದೆ. ಕೆಟ್ಟು ನಿಂತ ಡ್ರೈವರ್ ಕೆಟ್ಟಂತೆಯೇ ಎದ್ದೇಳುತ್ತದೆ.

ರೀಸ್ಟಾರ್ಟ್ ಆದ ಮೇಲೂ ಸರಿಹೋಗದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆದು ಸೌಂಡ್ ವಿಭಾಗವನ್ನು ನೋಡಿರಿ. ಹಳದಿ ಗುರುತು ಕಂಡರೆ ಡ್ರೈವರಿನ ತೊಂದರೆಯೆಂದು ತಿಳಿಯಬಹುದು. ವಿಂಡೋಸ್ ಅಪ್‌ಡೇಟ್ ಆದ ಬೆನ್ನಿಗೇ ಧ್ವನಿ ಹೋಗಿದ್ದರೆ, ಸಾಧನದ ‘ಪ್ರಾಪರ್ಟೀಸ್’ ಒಳಗಿನ ‘ರೋಲ್ ಬ್ಯಾಕ್ ಡ್ರೈವರ್’ ಹಿಂದಿನದನ್ನು ಮರಳಿ ತರುತ್ತದೆ. ಆ ಗುಂಡಿ ಮಸುಕಾಗಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ತನ್ನ ಬಳಿಯಿರುವ ಡ್ರೈವರನ್ನು ತಾನೇ ಹಾಕಿಕೊಳ್ಳುತ್ತದೆ. ಸಾಧಾರಣ ಬಳಕೆಗೆ ಅಷ್ಟೇ ಸಾಕಾಗುವುದೂ ಉಂಟು. ಸಾಲದಿದ್ದರೆ ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಬೋರ್ಡಿನ ಹೆಸರು ‘ಸಿಸ್ಟಮ್ ಇನ್ಫರ್ಮೇಷನ್’ ಕಿಟಕಿಯಲ್ಲಿ ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬ ಸಾಲಿನಲ್ಲಿ ಇರುತ್ತದೆ. ಎಲ್ಲ ಡ್ರೈವರುಗಳನ್ನೂ ತಾವೇ ಹುಡುಕಿ ಹಾಕುತ್ತೇವೆ ಎನ್ನುವ ತಂತ್ರಾಂಶಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. ಅವು ಜೊತೆಗೆ ತರುವ ಜಾಹೀರಾತುಗಳ ಕಾಟ ಧ್ವನಿಯಿಲ್ಲದ ಕಂಪ್ಯೂಟರಿಗಿಂತ ದೊಡ್ಡದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದು ನಿಜ. ಆದರೆ ಅದಕ್ಕಾಗಿಯೇ ಧ್ವನಿ ನಿಂತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಫಾರ್ಮ್ಯಾಟ್ ಮಾಡಿಸುವ ಮಾತು ಬಂದರೆ, ಅದಕ್ಕೂ ಮುಂಚೆ, ವಿಂಡೋಸಿನ ಬದಲಿಗೆ ಕಂಪ್ಯೂಟರನ್ನು ನಡೆಸಬಲ್ಲ ಉಚಿತ ವ್ಯವಸ್ಥೆಯಾದ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿಸಿ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ ಧ್ವನಿ ಪರೀಕ್ಷಿಸಿರಿ. ಹಾರ್ಡ್ ಡಿಸ್ಕಿನಲ್ಲಿರುವ ಟ್ಯಾಲಿ ಲೆಕ್ಕವಾಗಲಿ, ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿಟ್ಟ ಕಡತವಾಗಲಿ ಇದರಿಂದ ಕದಲುವುದಿಲ್ಲ. ಅಲ್ಲಿ ಧ್ವನಿ ಬಂದರೆ ಆಡಿಯೋ ಚಿಪ್ ಸರಿಯಿದೆ, ವಿಂಡೋಸಿನ ಡ್ರೈವರ್ ಅಥವಾ ಸೆಟ್ಟಿಂಗ್ ಕೆಟ್ಟಿದೆ ಎಂದು ತೀರ್ಮಾನಿಸಬಹುದು.

ಚಿಪ್ಪೇ ಕೆಟ್ಟಿದ್ದರೆ

ಡಿವೈಸ್ ಮ್ಯಾನೇಜರಿನಲ್ಲಿ ಆಡಿಯೋ ಸಾಧನವೇ ಕಾಣದಿದ್ದರೆ, ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯಾಸ್ (ವಿಂಡೋಸ್ ಏಳುವ ಮೊದಲೇ ತೆರೆಯುವ, ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ‘ಆನ್‌ಬೋರ್ಡ್ ಆಡಿಯೋ’ ಅಥವಾ ‘ಎಚ್‌ಡಿ ಆಡಿಯೋ ಕಂಟ್ರೋಲರ್’ ಎಂಬ ಸಾಲು ‘ಎನೇಬಲ್ಡ್’ ಆಗಿದೆಯೇ ನೋಡಿರಿ. ಬಯಾಸಿನಲ್ಲಿ ಸರಿಯಿದ್ದೂ ವಿಂಡೋಸ್, ಉಬುಂಟು ಎರಡರಲ್ಲಿಯೂ ಸಾಧನ ಕಾಣದಿದ್ದರೆ ಚಿಪ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಾಗಿ ಮದರ್‌ಬೋರ್ಡ್ ಬದಲಿಸುವುದು ದುಂದು. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು. ತುಮಕೂರಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ, ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಬಹುದು. ಇಂಥ ಕಾರ್ಡುಗಳಿಗೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡ. ಅದನ್ನು ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ಹಾಕಿ, ಸ್ಪೀಕರಿನ ಪಿನ್ನನ್ನು ಹಸಿರು ಜ್ಯಾಕಿನಿಂದ ತೆಗೆದು ಕಾರ್ಡಿಗೆ ಚುಚ್ಚಿ, ಔಟ್‌ಪುಟ್ ಪಟ್ಟಿಯಲ್ಲಿ ಯುಎಸ್‌ಬಿ ಸಾಧನವನ್ನು ಆರಿಸಿರಿ. ಹಳೆಯ ಚಿಪ್ಪು ಆಗಾಗ ಕಾಣಿಸಿಕೊಂಡು ಮರೆಯಾಗುತ್ತಿದ್ದರೆ ಅದನ್ನು ಬಯಾಸಿನಲ್ಲಿಯೇ ‘ಡಿಸೇಬಲ್ಡ್’ ಮಾಡಿಬಿಡಿ; ಆಗ ವಿಂಡೋಸ್ ಮತ್ತೆ ಅದರತ್ತ ಧ್ವನಿ ತಿರುಗಿಸುವುದಿಲ್ಲ.