ಒಡೆದದ್ದಕ್ಕೆ ದಂಡವಿಲ್ಲ ಎಂದ ಮೇಲೆ

ನಮ್ಮ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಒಡೆದ ಗಾಜಿಗೆ ಇನ್ನು ಮುಂದೆ ದಂಡ ಹಾಕುವುದಿಲ್ಲ ಎಂದು ಮೂರು ವರ್ಷದ ಹಿಂದೆ ನಾನು ಹೇಳಿದಾಗ ಭೌತಶಾಸ್ತ್ರದ ಹಿರಿಯರೊಬ್ಬರು ನಕ್ಕರು. "ವರ್ಷ ಮುಗಿಯುವಷ್ಟರಲ್ಲಿ ನಿಮ್ಮ ಲ್ಯಾಬಿನಲ್ಲಿ ಗಾಜಿನ ಬ್ಯೂರೆಟ್ ಹೋಗಿ ಅದರ ಸ್ಟ್ಯಾಂಡ್ ಮಾತ್ರ ಉಳಿಯುತ್ತದೆ ಮೇಡಂ" ಎಂದರು. ಹೋದ ತಿಂಗಳು ಅವರೇ ಬಂದು, ತಮ್ಮ ವಿಭಾಗಕ್ಕೂ ನಮ್ಮಲ್ಲಿರುವಂಥ, ಲ್ಯಾಬಿನ ಅವಘಡ ಬರೆದಿಡುವ ಒಂದು ಪುಸ್ತಕ ಇಡಬೇಕು, ಹೇಗೆ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಎಲ್ಲವನ್ನೂ ಅಲ್ಲ.

ನಮ್ಮದು ತಾಲ್ಲೂಕು ಕೇಂದ್ರದ ಪದವಿ ಕಾಲೇಜು. ಬಿಎಸ್ಸಿಯ ಮೂರೂ ವರ್ಷ ಸೇರಿ ಇನ್ನೂರರ ಆಸುಪಾಸು ಮಕ್ಕಳು, ಒಬ್ಬ ಅಟೆಂಡರ್, ಕೆಟ್ಟ ಹೊಗೆ ಹೊರಗೆ ಎಳೆಯುವ ಒಂದು ಫ್ಯೂಮ್ ಹುಡ್. ಅದರ ಫ್ಯಾನ್ ತಿರುಗುತ್ತದೆ, ಹೊಗೆ ಮಾತ್ರ ಹೊರಗೆ ಹೋಗುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಸುರಕ್ಷತೆಯ ಫೈಲ್ ಬೇಕಾಯಿತು. ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯಳು ನಾನು, ನನ್ನ ತಲೆಗೆ ಕಟ್ಟಿದರು.

ಮೊದಲ ವರ್ಷದ ಖರ್ಚು ಶುದ್ಧ ವ್ಯರ್ಥ. ಎಂಬತ್ತು ರೂಪಾಯಿಯಂತೆ ಅರವತ್ತು ಕನ್ನಡಕ ತರಿಸಿದೆ. ಹತ್ತು ನಿಮಿಷಕ್ಕೆ ಮಂಜು ಕಟ್ಟಿ ಎಲ್ಲರ ಹಣೆಯ ಮೇಲೆ ಏರಿ ಕುಳಿತವು. (ಒಳಮೈಗೆ ಒಣ ಸಾಬೂನು ಉಜ್ಜಿ ಹತ್ತಿಬಟ್ಟೆಯಲ್ಲಿ ಒರೆಸಿದರೆ ಒಂದು ಲ್ಯಾಬ್ ಅವಧಿ ತಡೆಯುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ಕನ್ನಡಕ ಗೀರುಬಿದ್ದಿದ್ದವು.) ಎರಡನೆಯ ವರ್ಷ ಏಪ್ರನ್ ಇಲ್ಲದವರಿಗೆ ಐವತ್ತು ರೂಪಾಯಿ ದಂಡ ಹಾಕಿದೆ. ಒಂದೇ ಏಪ್ರನ್ ಬಾಗಿಲ ಬಳಿ ಕೈ ಬದಲಾಯಿಸುತ್ತ ಮೂರು ಬ್ಯಾಚಿಗೆ ದುಡಿಯಿತು. ಪೋಷಕರೊಬ್ಬರು ಬಂದು ಜಗಳ ಮಾಡಿದರು, ಪ್ರಾಂಶುಪಾಲರು ಏಪ್ರನ್ನಿನ ದಂಡ ನಿಲ್ಲಿಸಿ ಎಂದರು.

ಕಣ್ಣು ತೆರೆಸಿದ್ದು ಒಂದು ಪಿಪೆಟ್, ದ್ರವವನ್ನು ಅಳೆದು ಎತ್ತುವ ಗಾಜಿನ ಕೊಳವೆ. ಎರಡನೇ ವರ್ಷದ ಹುಡುಗಿಯೊಬ್ಬಳು ರಬ್ಬರ್ ಬಲ್ಬನ್ನು ಪಿಪೆಟ್ಟಿಗೆ ತೂರಿಸುತ್ತಿದ್ದಳು. ಎಲ್ಲರೂ ಮಾಡುವ ತಪ್ಪನ್ನೇ ಮಾಡಿದಳು, ಪಿಪೆಟ್ಟನ್ನು ತುದಿಯಿಂದ ಗೇಣು ಕೆಳಗೆ ಹಿಡಿದಿದ್ದಳು. ಗಾಜು ಮುರಿದು ಅಂಗೈಗೆ ಇಳಿಯಿತು. ಅವಳು ಕೂಗಲಿಲ್ಲ. ಚೂರುಗಳನ್ನು ಸಿಂಕಿಗೆ ತಳ್ಳಿ, ಕೈಗೆ ದುಪಟ್ಟಾ ಸುತ್ತಿಕೊಂಡು ಟೈಟ್ರೇಷನ್ ಪ್ರಯೋಗ ಮುಂದುವರಿಸಿದಳು. ಸಹಿಗೆ ಬಂದ ರೆಕಾರ್ಡ್ ಪುಸ್ತಕದ ಮೇಲೆ ರಕ್ತದ ಹನಿ ನೋಡಿದಾಗಲೇ ನನಗೆ ತಿಳಿದದ್ದು. ಮೂರು ಹೊಲಿಗೆ ಬಿದ್ದವು. ಯಾಕೆ ಹೇಳಲಿಲ್ಲ ಎಂದರೆ, "ಪಿಪೆಟ್ಟಿಗೆ ನೂರೆಂಬತ್ತು ರೂಪಾಯಿ ಕಟ್ಟಬೇಕಲ್ಲ ಮೇಡಂ" ಎಂದಳು.

ಅವತ್ತು ಸಂಜೆ ಅಟೆಂಡರ್ ಇನ್ನೊಂದು ಮಾತು ಹೇಳಿದರು. "ಸಿಂಕಿನ ಬಾಯಲ್ಲಿ ದಿನಾ ಗಾಜು ಸಿಗುತ್ತದೆ ಮೇಡಂ. ನಿಮಗೆ ಹೇಳಿದರೆ ಮಕ್ಕಳಿಗೆ ದಂಡ ಬೀಳುತ್ತದೆ ಎಂದು ಸುಮ್ಮನಿದ್ದೆ." ಬ್ರೇಕೇಜ್, ಅಂದರೆ ಒಡೆದ ಗಾಜಿನ ದಂಡದ ಹೆಸರಿನಲ್ಲಿ ನಾವು ವರ್ಷಕ್ಕೆ ವಸೂಲಿ ಮಾಡುತ್ತಿದ್ದದ್ದು ಆರು ಸಾವಿರವೋ ಏಳು ಸಾವಿರವೋ. ಅಷ್ಟಕ್ಕಾಗಿ ಇಡೀ ಲ್ಯಾಬಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿದ್ದೆವು.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮೇಲೆ "ಸ್ವಲ್ಪದರಲ್ಲಿ ತಪ್ಪಿತು" ಎಂದು ಬರೆದು ಅಟೆಂಡರ್ ಮೇಜಿನ ಮೇಲಿಟ್ಟೆ. ಹೆಸರು ಬರೆಯಬೇಕಿಲ್ಲ. ಮೇಜಿನ ಸಂಖ್ಯೆ, ಹೊತ್ತು, ಏನಾಯಿತು, ಇಷ್ಟೇ. ಅದೇ ದಿನ ಬರೆದರೆ ದಂಡವಿಲ್ಲ. ಬರೆಯದೆ ಸಿಂಕಿನಲ್ಲಿ ಗಾಜು ಸಿಕ್ಕರೆ ಇಡೀ ಬ್ಯಾಚು ಸೇರಿ ಕೊಡಬೇಕು. ಗ್ಯಾಸಿನ ಮುಖ್ಯ ವಾಲ್ವನ್ನೂ ಅಟೆಂಡರ್ ವಶಕ್ಕೆ ಕೊಟ್ಟೆ. ಅವರಿಗೆ ಸರಿಕಾಣದಿದ್ದರೆ ನಮ್ಮ ಯಾರನ್ನೂ ಕೇಳದೆ ಮುಚ್ಚಬಹುದು. ಇದಕ್ಕೆ ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರು ಈಗಲೂ ಮುಖ ಗಂಟಿಕ್ಕುತ್ತಾರೆ.

ಮೊದಲ ಎರಡು ತಿಂಗಳು ಪುಸ್ತಕ ಖಾಲಿ. ಕೊನೆಗೆ ನನ್ನದನ್ನೇ ಬರೆದೆ: ಲಸೇನ್ ಪರೀಕ್ಷೆ ಎಂಬ ಪ್ರಯೋಗಕ್ಕೆ, ನೀರು ತಾಗಿದರೆ ಹೊತ್ತಿಕೊಳ್ಳುವ ಸೋಡಿಯಂ ಕತ್ತರಿಸಿ, ಉಳಿದ ಚೂರನ್ನು ಫಿಲ್ಟರ್ ಪೇಪರ್ ಸಮೇತ ಕಸದ ಬುಟ್ಟಿಗೆ ಎಸೆದಿದ್ದೆ. ಬುಟ್ಟಿಯಲ್ಲಿ ಒದ್ದೆ ಕಾಗದವಿತ್ತು, ಹೊಗೆ ಎದ್ದಿತು, ಮರಳು ಸುರಿದೆ. ಕೆಳಗೆ ಸಹಿಯನ್ನೂ ಹಾಕಿದೆ. ಮೇಡಮ್ಮೇ ಬರೆದುಕೊಂಡಿದ್ದಾರಂತೆ ಎಂಬ ಸುದ್ದಿ ಹಬ್ಬಿತು. ಆ ವಾರ ಒಂಬತ್ತು, ವರ್ಷದ ಕೊನೆಗೆ ಎಪ್ಪತ್ತರ ಮೇಲೆ. ಪ್ರಾಂಶುಪಾಲರಿಗೆ ಗಾಬರಿಯಾಗಿ, ನಿಮ್ಮಲ್ಲಿ ಮಾತ್ರ ಇಷ್ಟು ಅಪಘಾತ ಯಾಕೆ ಎಂದು ಕರೆದು ಕೇಳಿದರು. ಹಿಂದಿನ ವರ್ಷದ ಸಿಂಕಿನ ಗಾಜನ್ನು ಅಟೆಂಡರ್ ಡಬ್ಬದಲ್ಲಿ ಕೂಡಿಟ್ಟಿದ್ದರು, ಅದನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ.

ಪುಸ್ತಕ ತೋರಿಸಿದ್ದನ್ನು ನಾನಾಗಿ ಊಹಿಸಿರಲಿಲ್ಲ. ಮೂರರಲ್ಲೊಂದು ಭಾಗ ಬಲ್ಬಿಗೆ, ಕಾರ್ಕಿಗೆ ಗಾಜು ತೂರಿಸುವಾಗಿನದೇ. ಪ್ರತಿ ಮೇಜಿಗೂ ಗಾಜು ಸಲೀಸಾಗಿ ಜಾರಲು ಗ್ಲಿಸರಿನ್, ಕೈ ಕಾಯಲು ದಪ್ಪ ಟವೆಲ್ ಇಟ್ಟೆ, ಖರ್ಚು ಎಂಟುನೂರು. ಇನ್ನು, ಕೈ ಸುಟ್ಟದ್ದು, ದುಪಟ್ಟಾ ಕರಕಲಾದದ್ದು ಹೆಚ್ಚಾಗಿ ನಾಲ್ಕನೇ ಮೇಜಿನಲ್ಲೇ, ಅದೂ ಮಧ್ಯಾಹ್ನದ ಬ್ಯಾಚಿನಲ್ಲೇ. ಅಲ್ಲಿ ಯಾರೋ ಅಡ್ಡಾದಿಡ್ಡಿ ಹುಡುಗರಿದ್ದಾರೆ ಎಂದುಕೊಂಡಿದ್ದೆ. ಒಂದು ದಿನ ಮೂರು ಗಂಟೆಗೆ ಅಲ್ಲೇ ನಿಂತು ನೋಡಿದರೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಮೇಜಿಗೆ ಬೀಳುತ್ತಿದೆ, ಬರ್ನರಿನ ನೀಲಿ ಜ್ವಾಲೆ ಕಣ್ಣಿಗೇ ಕಾಣುತ್ತಿಲ್ಲ! ಏಳುನೂರು ರೂಪಾಯಿಯ ಪರದೆ ಹಾಕಿಸಿದೆ. ಆಮೇಲೆ ಆ ಮೇಜಿನಿಂದ ಸುಟ್ಟ ಸುದ್ದಿ ಬಂದದ್ದು ಒಂದೇ ಸಲ.

ದಾಸ್ತಾನು ಕೋಣೆಯಲ್ಲಿ ಬಾಟಲಿಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದ್ದವು, ನೈಟ್ರಿಕ್ ಆಮ್ಲದ ಪಕ್ಕಕ್ಕೆ, ಅದರ ಹತ್ತಿರ ಇರಲೇಬಾರದ ನೈಟ್ರೋಬೆಂಜೀನ್. ಎರಡು ಭಾನುವಾರ ಕುಳಿತು ಬೇರ್ಪಡಿಸಿದೆ. ಹಿಂದಿನ ಸಾಲಿನಲ್ಲಿ ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿದ್ದ, ಒಣಗಿದರೆ ಸಿಡಿಯಬಲ್ಲ ಪಿಕ್ರಿಕ್ ಆಮ್ಲ ಸಿಕ್ಕಿತು. ಮುಟ್ಟದೆ ಕೋಣೆಗೆ ಬೀಗ ಹಾಕಿಸಿದೆ. ಬಲ್ಲವರು ಬಂದು ಅದನ್ನು ಒಯ್ಯುವಷ್ಟರಲ್ಲಿ ಎರಡು ತಿಂಗಳು, ಅದೇ ಒಂದು ರಾಮಾಯಣ.

ಏಪ್ರನ್ನಿಗೆ ದಂಡ ಬಿಟ್ಟು ಬಟ್ಟೆ ಸುಟ್ಟು ತೋರಿಸತೊಡಗಿದೆ. ಇಕ್ಕಳದಲ್ಲಿ ಹತ್ತಿಯ ಚಿಂದಿ, ಪಾಲಿಯೆಸ್ಟರ್ ಚಿಂದಿ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ. ಜೊತೆಗೆ 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಹೇಳುತ್ತೇನೆ. ಗಾಳಿ ತಾಗಿದರೇ ಉರಿಯುವ ಟರ್ಷಿಯರಿ ಬ್ಯೂಟೈಲ್ ಲಿಥಿಯಂ ಹೊತ್ತಿಕೊಂಡಾಗ ಪ್ರಯೋಗ ಮಾಡುತ್ತಿದ್ದ 23ರ ಹುಡುಗಿಯ ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. ಹದಿನೆಂಟು ದಿನ ನರಳಿ ತೀರಿಕೊಂಡಳು. ಆ ಪಾಠದ ಮರುವಾರ ಅಂಗಡಿಯಲ್ಲಿ ಹತ್ತಿಯ ಏಪ್ರನ್ ಕೇಳಿ ತಂದವರು ಬ್ಯಾಚಿನಲ್ಲಿ ಮುಕ್ಕಾಲು ಪಾಲು.

ಗಾಜು ತೊಳೆಯಲು ಬಳಸುತ್ತಿದ್ದ ವಿಷದ ಕ್ರೋಮಿಕ್ ಆಮ್ಲವನ್ನು ನಿಲ್ಲಿಸಿದ್ದು ನನ್ನದೇ ಹುಚ್ಚು. ಬ್ಯೂರೆಟ್ ತೊಳೆಯಲು ಅಂಟುವಾಳದ ನೀರು ಹಿಡಿದೆ. ಜಿಡ್ಡು ಚೆನ್ನಾಗಿ ಬಿಡುತ್ತದೆ, ಪರ್ಮಾಂಗನೇಟಿನ ಕಂದು ಕಲೆಗೆ ಅದು ಏನೂ ಮಾಡದು, ಅದಕ್ಕೆ ಆಕ್ಸಾಲಿಕ್ ಆಮ್ಲವೇ ಬೇಕು. ನೊರೆ ಪೂರ್ತಿ ಹೋಗುವಂತೆ ತೊಳೆಯುವುದಕ್ಕೆ ನನ್ನದೊಂದು ಉಪಾಯವಿದೆ, ಅದನ್ನು ಹೇಳುವುದಿಲ್ಲ. ಬ್ರೇಕೇಜ್ ದುಡ್ಡು ನಿಂತರೂ ಲೆಕ್ಕಪತ್ರ ವಿಭಾಗದವರನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನಂತೂ ಕೇಳಲೇಬೇಡಿ.

ಗಾಜಿನ ಬಿಲ್ಲು ಮೊದಲ ವರ್ಷ ಎರಡು ಸಾವಿರ ಏರಿತು ನಿಜ. ಎರಡನೇ ವರ್ಷ ಹಳೆಯ ಮಟ್ಟಕ್ಕೆ ಬಂದು, ಈ ಸಲ ಅದಕ್ಕಿಂತ ಕೆಳಗಿದೆ. ಹೊಲಿಗೆ ಹಾಕಿಸುವಂಥ ಗಾಯ ಎರಡು ವರ್ಷದಿಂದ ಇಲ್ಲ. ಫ್ಯೂಮ್ ಹುಡ್ ಮಾತ್ರ ಹಾಗೆಯೇ ಇದೆ, ಹೊಸದಕ್ಕೆ ಒಂದೂವರೆ ಲಕ್ಷದ ಹತ್ತಿರ ಹೇಳುತ್ತಾರೆ. ಪುಸ್ತಕದಲ್ಲಿ ಅದರ ದೂರು ಹನ್ನೊಂದು ಸಲ ಬಂದಿದೆ. ಹನ್ನೊಂದನೆಯದನ್ನು ಬರೆದವರು ಪ್ರಾಂಶುಪಾಲರು. ಮಕ್ಕಳು ಅಮೋನಿಯಾ ಬಿಸಿ ಮಾಡುತ್ತಿದ್ದಾಗ ಲ್ಯಾಬ್ ನೋಡಲು ಬಂದಿದ್ದರು.